ಖಾತೆ ಮುಚ್ಚುವ ಮೊದಲು

ಕನ್ನಡಕದ ಸ್ಕ್ರೂ ತಾನಾಗಿ ಸಡಿಲವಾಗಬೇಕಾದರೆ ಕಾಲ ಹಿಡಿಯುತ್ತದೆ. ಅಷ್ಟು ಕಾಯುವ ತಾಳ್ಮೆ ಅವಳಿಗೆ ಎಲ್ಲಿಂದ ಬರಬೇಕು? ಇವತ್ತು ಅವನು ಬರುತ್ತಾನೆ. ಅದಕ್ಕೇ ಆಫೀಸಿನ ಬಾಗಿಲು ತೆಗೆದ ಕೂಡಲೇ ಕಂಪ್ಯೂಟರಿನ ಹಿಂದೆ ತಲೆ ತಗ್ಗಿಸಿ ಕೂತು, ಪುಟ್ಟ ಚಾಕುವಿನ ಮೊನೆಯಿಂದ ತನ್ನ ಕನ್ನಡಕದ ಸ್ಕ್ರೂ ತಿರುಗಿಸತೊಡಗಿದಳು. ಈ ಸಲ ಅದು ಯಾಕೋ ಹಟಮಾರಿ. ಹಲ್ಲು ಕಚ್ಚಿ ತಿರುಗಿಸಿದ ಮೇಲೆ ಒಂದಿಷ್ಟು ಜಗ್ಗಿತು. ಸಾಕು, ಬಗ್ಗಿದರೆ ಮೂಗಿನಿಂದ ಜಾರಬೇಕು, ಕೆಳಗೆ ಬೀಳಬಾರದು.

ಹೋದ ವರ್ಷವೂ ಹೀಗೇ ಮಾಡಿದ್ದಳು. ಊರವರ ತೆರಿಗೆ ಲೆಕ್ಕವನ್ನು ಕೂದಲೆಳೆಯಷ್ಟೂ ತಪ್ಪದಂತೆ ಬರೆಯುವ ಹೆಣ್ಣು ಮಾಡುವ ಕೆಲಸವೇ ಇದು ಎಂದರೆ, ಅಲ್ಲ. ಅದು ಅವಳಿಗೂ ಗೊತ್ತು. ಗೊತ್ತಿದ್ದೇ ಮಾಡಿ, ಚಾಕುವನ್ನು ಡ್ರಾಯರಿಗೆ ಹಾಕಿ, ಏನೂ ಅರಿಯದವಳ ಹಾಗೆ ಟೇಬಲ್ ಒರೆಸಿದಳು.

ಅವನು ಕನ್ನಡಕದ ಅಂಗಡಿಯೊಂದರಲ್ಲಿ ಲೆನ್ಸ್ ಉಜ್ಜಿ ಕೂರಿಸುವ ಸಂಬಳದ ಕೆಲಸದವನು. ಹಿಂದೆ ಕೆಲವು ವರ್ಷ ಹೊರದೇಶದಲ್ಲಿ ಇದೇ ಕೆಲಸ ಮಾಡಿದ್ದ. ಬರುವಾಗ ಅಲ್ಲಿನ ಬ್ಯಾಂಕ್ ಖಾತೆಯಲ್ಲಿ ಸ್ವಲ್ಪ ದುಡ್ಡು ಉಳಿಸಿ ಬಂದಿದ್ದ. ಅದಕ್ಕೆ ವರ್ಷಕ್ಕೆ ಬರುವ ಬಡ್ಡಿಯಲ್ಲಿ ಇಬ್ಬರು ಒಂದು ಸಿನಿಮಾ ನೋಡಬಹುದು, ಇಂಟರ್ವಲ್‌ನಲ್ಲಿ ಕಾಫಿ ಕುಡಿಯುವ ಹಾಗಿಲ್ಲ. ಆದರೂ ಅದನ್ನು ಇಲ್ಲಿನ ತೆರಿಗೆ ರಿಟರ್ನ್‌ನಲ್ಲಿ ತೋರಿಸಲೇಬೇಕು. ಅಲ್ಲಿನ ಬ್ಯಾಂಕಿನ ವರ್ಷ ಬೇರೆ, ಇಲ್ಲಿನ ತೆರಿಗೆ ವರ್ಷ ಬೇರೆ. ಬಡ್ಡಿಯನ್ನು ತಿಂಗಳುಗಟ್ಟಲೆ ಬಿಡಿಸಿ, ಆ ದೇಶದ ಹಣವನ್ನು ಈ ದೇಶದ್ದಕ್ಕೆ ಬದಲಿಸಿ, ಅಲ್ಲಿ ಮುರಿದುಕೊಂಡ ತೆರಿಗೆಯನ್ನು ಇಲ್ಲಿ ಕಳೆಯಬೇಕು. ಬೆಟ್ಟ ಅಗೆದು ಇಲಿ ಹಿಡಿಯುವ ಕೆಲಸ. ಆ ಬೆಟ್ಟ ಅಗೆಯುವ ಒಂದು ಗಂಟೆಗಾಗಿ ಅವಳು ವರ್ಷವಿಡೀ ಕಾಯುತ್ತಿದ್ದಳು.

ಮೊದಲ ವರ್ಷ ಬಂದಾಗ ಅವನು ತಲೆ ಕೆರೆದುಕೊಂಡು, ಇಷ್ಟು ಚಿಲ್ಲರೆಯನ್ನೂ ಹೇಳಬೇಕೇ ಎಂದು ಕೇಳಿದ್ದ. ಎಷ್ಟೇ ಚಿಕ್ಕದಿದ್ದರೂ ಮುಚ್ಚಿಡಬಾರದು ಎಂದು ಅವಳು ಮೇಷ್ಟ್ರಂತೆ ಹೇಳಿದ್ದಳು. ಅಷ್ಟರಲ್ಲಿ ಅವಳ ಕನ್ನಡಕ ಜಾರಿತು. ಆವತ್ತು ಮಾತ್ರ ನಿಜವಾಗಿಯೂ ತಾನಾಗೇ ಜಾರಿತ್ತು. ಅವನು ಅಂಗಿ ಜೇಬಿನಿಂದ ಬೆಂಕಿಕಡ್ಡಿಯಷ್ಟು ಸ್ಕ್ರೂಡ್ರೈವರ್ ತೆಗೆದು, ಕೈ ಚಾಚಿ, ಕೊಡಿ ಎಂದ. ಸರಿಮಾಡಿ ಎರಡೂ ಕೈಯಿಂದ ತಾನೇ ಅವಳಿಗೆ ಹಾಕಿ, ನೆಟ್ಟಗಿದೆಯಾ ಎಂದು ಒಂದು ಗಳಿಗೆ ಅವಳ ಮುಖವನ್ನೇ ನೋಡಿದ. ಅವನ ಕೆಲಸವೇ ಅದು, ದಿನಕ್ಕೆ ಎಷ್ಟೋ ಮುಖ ಹಾಗೆ ನೋಡುತ್ತಾನೆ ಎಂದು ಅವಳು ಎದೆಗೆ ತಿಳಿಹೇಳಿದಳು. ಎದೆ ಕೇಳಬೇಕಲ್ಲ.

ಇದಕ್ಕೆಲ್ಲ ನೆನ್ನೆ ಸಂಜೆ ಕಲ್ಲು ಹಾಕಿದವರು ಅವಳ ಸೋದರಮಾವ. ಆಫೀಸು ಮಾವನದು. ಅಲ್ಲಿ ಮನೆ ಮಂದಿಗೆ ಫೀಸಿಲ್ಲ. ಚಿಕ್ಕಪ್ಪನ ಮಕ್ಕಳಿಂದ ಹಿಡಿದು ಬೀಗರ ಬೀಗರವರೆಗೆ ಎಲ್ಲರೂ ಪುಕ್ಕಟೆ ರಿಟರ್ನ್ ಬರೆಸಿಕೊಂಡು, ಮೇಲೆ ಟೀ ಕುಡಿದು ಹೋಗುತ್ತಾರೆ. ಅಂಥ ಮಾವನಿಗೆ ಹೊರಗಿನವರಿಂದ ಅನ್ಯಾಯವಾಗಿ ಒಂದು ಕಾಸು ಬಂದರೂ ನಿದ್ದೆ ಬರುವುದಿಲ್ಲ.

"ಪುಟ್ಟೀ, ಆ ಲೆನ್ಸ್ ಹುಡುಗನ ಬಡ್ಡಿಗಿಂತ ನಮ್ಮ ಫೀಸೇ ಜಾಸ್ತಿ. ಖಾತೆ ಮುಚ್ಚಿಬಿಡಪ್ಪಾ ಅಂತ ಹೇಳೋಕೆ ನಿನಗೆ ಇಷ್ಟು ವರ್ಷ ಬಾಯಿ ಬರ್ಲಿಲ್ವಾ?"

ಅವಳು ತಲೆ ತಗ್ಗಿಸಿದಳು. ಬಾಯಿ ಬಂದಿತ್ತು, ಮನಸ್ಸು ಬಂದಿರಲಿಲ್ಲ. ಆ ಖಾತೆ ಹೋದರೆ ಅವನಿಗೆ ಉಳಿಯುವುದು ಸಂಬಳ ಒಂದೇ. ಮನೆಯಲ್ಲಿ ಕೂತು ಮೊಬೈಲಿನಲ್ಲೇ ರಿಟರ್ನ್ ಹಾಕಬಹುದು. ಮತ್ತೆ ಈ ಮೆಟ್ಟಿಲು ಹತ್ತುವ ಕೆಲಸ ಅವನಿಗೇನಿದೆ? ಹಾಗೆಂದು ತನ್ನ ಆಸೆಗೆ ಅವನ ದುಡ್ಡು ಕಳೆಯುವುದು ಯಾವ ನ್ಯಾಯ? ಇವತ್ತು ಹೇಳಲೇಬೇಕು ಎಂದು ನಿಶ್ಚಯ ಮಾಡಿಕೊಂಡಿದ್ದಳು. ಕಡೆಯ ಸಲ ಒಂದು ಬಾರಿ ಕನ್ನಡಕ ಸರಿಮಾಡಿಸಿಕೊಳ್ಳುತ್ತೇನೆ, ಅಷ್ಟಕ್ಕೆ ದೇವರು ಕೋಪ ಮಾಡಿಕೊಳ್ಳಲಾರ ಎಂದುಕೊಂಡಿದ್ದಳು.

ಅವನು ಬಂದ. ಇಸ್ತ್ರಿ ಮಾಡಿದ ಅಂಗಿ, ಒದ್ದೆ ಕೂದಲು, ಕೈಯಲ್ಲಿ ಬ್ಯಾಂಕಿನ ಸ್ಟೇಟ್‌ಮೆಂಟ್. ತೆರಿಗೆ ಕಟ್ಟಲು ಬರುವವರ ಮುಖದಲ್ಲಿ ಅಷ್ಟು ಖುಷಿ ಇರಬಾರದು. ಅವಳು ಅದನ್ನು ಗಮನಿಸಲಿಲ್ಲ, ಅವಳಿಗೆ ಅವಳದೇ ಆಗಿತ್ತು. ಒಮ್ಮೆ ಕೂಡಿಸಿದ್ದು ಮತ್ತೊಮ್ಮೆ ಕೂಡಿಸಿದಾಗ ಬೇರೆ ಬಂತು. ತಲೆಯೆತ್ತಿದರೆ ಅವನು ಕಿಟಕಿ ನೋಡುತ್ತಿದ್ದ. ತಲೆ ತಗ್ಗಿಸಿದರೆ ಅವನ ಕಣ್ಣು ತನ್ನ ಮೇಲಿರುವುದು ಕೆನ್ನೆಗೆ ಗೊತ್ತಾಗುತ್ತಿತ್ತು.

ಕೊನೆಗೆ ಪೆನ್ನು ಕೆಳಗಿಟ್ಟು, ಪಾಠ ಒಪ್ಪಿಸುವವಳ ಹಾಗೆ ಎಲ್ಲ ಹೇಳಿದಳು. ಖಾತೆಯಿಂದ ಲಾಭವಿಲ್ಲ, ಬರೀ ಖರ್ಚು, ಮುಚ್ಚುವುದೇ ಒಳ್ಳೆಯದು, ಮುಂದೆ ಇಲ್ಲಿಗೆ ಬರುವ ಅಗತ್ಯವೂ ಇರುವುದಿಲ್ಲ.

ಅವನ ಮುಖ ಬಾಡಿತು. "ಬರೋ ಅಗತ್ಯ ಇರಲ್ವಾ?"

"ಇರಲ್ಲ."

"ಹಾಗಾದ್ರೆ... ಯೋಚನೆ ಮಾಡ್ತೀನಿ."

"ಯೋಚನೆ ಯಾಕಪ್ಪಾ, ಈಗಲೇ ಫೋನ್ ಮಾಡು," ಎಂದು ಗಾಜಿನ ಗೋಡೆಯ ಆಚೆಯಿಂದ ಮಾವ ಕೂಗಿದರು. ಅವರ ಕಿವಿ ಬಲು ಚುರುಕು.

ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಅವನು ನಿಧಾನವಾಗಿ ನಂಬರ್ ಒತ್ತಿದ. ಮುಚ್ಚುವ ದಿನದವರೆಗಿನ ಬಡ್ಡಿ ಬರೆದುಕೊಳ್ಳಬೇಕು, ಸ್ಪೀಕರಿಗೆ ಹಾಕಿ ಎಂದಳು ಅವಳು. ಬೇಡ ಎನ್ನುವ ಹಾಗೆ ಒಮ್ಮೆ ನೋಡಿ, ಹಾಕಿದ. ಆ ಬ್ಯಾಂಕಿನ ಹೆಂಗಸು ಇಂಗ್ಲಿಷಿನಲ್ಲಿ ಬಲು ವಿನಯದಿಂದ ಮಾತಾಡಿದಳು. ಹೋದ ವರ್ಷ ನಾವೇ ಈ ಖಾತೆ ಮುಚ್ಚುತ್ತೇವೆ ಎಂದಾಗ ತಾವು ಬೇಡವೇ ಬೇಡ ಎಂದಿರಿ, ಅದರ ಹಿಂದಿನ ವರ್ಷವೂ ಅಷ್ಟೇ, ಎರಡು ಸಲವೂ ಬೇರೆಯಾಗಿ ಶುಲ್ಕ ಕಟ್ಟಿ ಉಳಿಸಿಕೊಂಡಿರಿ, ಈಗ ನಿಜವಾಗಿಯೂ ಮುಚ್ಚಬೇಕೇ?

ಅವನ ಕಿವಿ ಕೆಂಪಾದವು. ಅವಳು ಬರೆಯುವುದನ್ನು ನಿಲ್ಲಿಸಿದಳು.

"ಶುಲ್ಕ ಎಷ್ಟು ಕಟ್ಟಿದ್ರಿ?"

"ಬಡ್ಡಿಗಿಂತ ಜಾಸ್ತಿ."

"ನಿಮಗೇನು ತಲೆ ಕೆಟ್ಟಿದೆಯಾ? ಯಾಕೆ ಉಳಿಸ್ಕೊಂಡ್ರಿ?"

ಅವನು ಫೋನ್ ನೋಡಿದ, ಕ್ಯಾಲ್ಕುಲೇಟರ್ ನೋಡಿದ, ಕೊನೆಗೆ ಅವಳನ್ನು ನೋಡಿದ. ಈ ಸಲ ಕಿಟಕಿಯ ಕಡೆ ತಿರುಗಲಿಲ್ಲ.

"ಮುಚ್ಚಿದ್ರೆ ಏನು ಹೇಳ್ಕೊಂಡು ಇಲ್ಲಿಗೆ ಬರ್ಲಿ? ಎಷ್ಟೇ ಚಿಕ್ಕದಿದ್ರೂ ಮುಚ್ಚಿಡಬಾರ್ದು ಅಂದೋರು ನೀವೇ. ಇದಂತೂ ಚಿಕ್ಕದಲ್ಲ. ನನಗೆ ನೀವಂದ್ರೆ ತುಂಬಾ ಇಷ್ಟ. ಮೊದಲನೇ ವರ್ಷದಿಂದ್ಲೂ."

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಲೆ ತಗ್ಗಿಸಿದ್ದೇ ತಡ, ಕನ್ನಡಕ ಜಾರಿತು. ಅವನ ಕೈ ಅಭ್ಯಾಸದಂತೆ ಮುಂದೆ ಬಂತು. ತೆಗೆದುಕೊಂಡು ಬೆಳಕಿಗೆ ಹಿಡಿದ. ಸ್ಕ್ರೂ ನೋಡಿದ, ಮತ್ತೆ ನೋಡಿದ. ಬಾಡಿದ್ದ ಮುಖ ಮೆಲ್ಲಗೆ ಅರಳಿತು.

"ಹೋದ ಸಲ ಇದಕ್ಕೆ ಅಂಟು ಹಾಕಿ ಬಿಗಿ ಮಾಡಿದ್ದೆ. ಯಾರಾದ್ರೂ ಬೇಕಂತ ತಿರುಗಿಸದೇ ಇದು ಸಡಿಲ ಆಗಲ್ಲ."

ಸಿಕ್ಕಿಬಿದ್ದಳು. ಕನ್ನಡಕವಿಲ್ಲದೆ ಅವನ ಮುಖ ಮಸುಕು ಮಸುಕಾಗಿ ಕಾಣುತ್ತಿತ್ತು, ಅದೇ ಒಳ್ಳೆಯದಾಯಿತು. ಸರಿಯಾಗಿ ಕಂಡಿದ್ದರೆ ಅವಳಿಗೆ ಬಾಯಿಯೇ ಬರುತ್ತಿರಲಿಲ್ಲ.

"ಚಾಕು ಈ ಡ್ರಾಯರಲ್ಲೇ ಇದೆ," ಎಂದಳು. "ಖಾತೆ ಮುಚ್ಚಿ ಅಂತ ಇಷ್ಟು ವರ್ಷ ಹೇಳದೇ ಇದ್ದದ್ದೂ ಅದಕ್ಕೇ."

ಅವನು ಸ್ಕ್ರೂ ಬಿಗಿಮಾಡಿದ. ಕನ್ನಡಕವನ್ನು ಅವಳಿಗೆ ಹಾಕಿದ. ನೆಟ್ಟಗೆ ಕೂತ ಮೇಲೂ ಕೈ ತೆಗೆಯಲಿಲ್ಲ. ಅವಳೂ ಹಿಂದೆ ಸರಿಯಲಿಲ್ಲ. ಇಷ್ಟು ಹತ್ತಿರದಿಂದ ಅವನ ಕಣ್ಣಲ್ಲಿ ಅವಳಿಗೆ ಅವಳೇ ಕಂಡಳು, ಪುಟ್ಟದಾಗಿ, ನಗುತ್ತಾ.

ಫೋನಿನಲ್ಲಿ ಆ ಹೆಂಗಸು, ಹಲೋ, ಇದ್ದೀರಾ, ಮುಚ್ಚಲೋ ಬೇಡವೋ ಎಂದು ಪಾಪ ಇನ್ನೂ ಕೇಳುತ್ತಿದ್ದಳು. ಮುಚ್ಚಿಬಿಡಿ ಎಂದ ಅವನು, ಲಾಟರಿ ಹೊಡೆದವನ ದನಿಯಲ್ಲಿ.

ಅವಳು ಬಡ್ಡಿ ಬರೆದುಕೊಂಡು ಗಂಟಲು ಸರಿಮಾಡಿಕೊಂಡಳು. "ಈ ವರ್ಷ ಮುಚ್ಚಿದ್ರೂ ಇಲ್ಲೀತನಕದ ಬಡ್ಡಿ ಮುಂದಿನ ವರ್ಷ ತೋರಿಸ್ಬೇಕು. ಇನ್ನೊಂದ್ಸಲ ಬರ್ಬೇಕಾಗುತ್ತೆ."

"ಮುಂದಿನ ವರ್ಷದ ತನಕ ಕಾಯ್ಬೇಕಾ?"

"ಸಂಜೆ ಆರಕ್ಕೆ ಆಫೀಸ್ ಮುಗಿಯುತ್ತೆ. ಕೆಳಗೆ ಮೆಟ್ಟಿಲ ಹತ್ರ ನಿಂತಿರಿ."

ಅವನು ನಗುತ್ತಾ ಪರ್ಸ್ ತೆಗೆದ. ಮುಂದಿನ ವರ್ಷದ ಫೀಸನ್ನೂ ಈಗಲೇ ಕೊಟ್ಟುಬಿಡಲಾ ಎಂದು ಕೇಳಿದ.

ಅವಳು ಅವನನ್ನೇ ನೋಡಿ ಮೆಲ್ಲಗೆ ಹೇಳಿದಳು, "ಅದು ಬೇಡ. ನಮ್ಮಲ್ಲಿ ಮನೆ ಮಂದಿಗೆ ಫೀಸಿಲ್ಲ."

ಗಾಜಿನ ಗೋಡೆಯ ಆಚೆ ಕುರ್ಚಿ ಕಿರ್ರೆಂದಿತು. ಆಮೇಲೆ ಮಾವನ ದನಿ ಬಂತು.

"ಈ ವರ್ಷದ್ದು ತಗೊಂಡ್ಬಿಡು ಪುಟ್ಟೀ. ಇನ್ಮೇಲೆ ಹೇಗೂ ಸಿಗಲ್ಲ."