ಸಹಿಯ ಮೇಲೊಂದು ಗೆರೆ

ಮಚ್ಚಿನ ಅಲಗು ನನ್ನ ಗಂಟಲಿಗೆ ತಾಗಿತ್ತು. ಬೆಳಗ್ಗೆ ಕೊಯ್ದ ಕುರಿಯ ಕೊಬ್ಬು ಅದರ ಮೇಲೆ ಇನ್ನೂ ಅಂಟಿತ್ತು.

ನಾನು ಅಲುಗಾಡಲಿಲ್ಲ. ಉಗುಳು ನುಂಗುವುದನ್ನೂ ಮುಂದಕ್ಕೆ ಹಾಕಿದೆ!

"ನನ್ ಅಂಗ್ಡಿಗೇ ವಸೂಲಿಗೆ ಬಂದ್ಯೇನಲೇ, ರಘು?" ತರೀಕೆರೆಯ ಮಟನ್ ಅಂಗಡಿ ಹೊನ್ನೇಶ್ ಹಲ್ಲು ಕಡಿದ.

"ಯಗಟಿ ಲಕ್ಕಣ್ಣ ಕಳ್ಸಿದ. ನೀನು ಕುರಿಗೆ ಕೊಟ್ಟ ಚೆಕ್ ಎರಡು ಸಲ ವಾಪಸ್ ಬಂದೈತಂತೆ. ಇನ್ಮೇಲೆ ಒಂದು ಮರೀನೂ ಕೊಡಲ್ವಂತೆ."

ಮಚ್ಚು ನಡುಗಿತು... ಅದು ಇನ್ನೂ ಅಪಾಯ!

"ನಾಳೆ ಅಜ್ಜಂಪುರದಾಗೆ ಬೀಗರ ಊಟ ಕಣೋ! ಮಟನ್ ನಂದೇ ಅಂತ ಒಪ್ಕೊಂಡಿದೀನಿ. ಬೀಗರ ಎಲೆಗೆ ಹುರುಳಿಕಾಳು ಸಾರು ಬಿಟ್ರೆ ನನ್ನೇ ಕೊಯ್ದು ಬೇಯಿಸ್ತಾರೆ!"

"ಹಂಗಾದ್ರೆ ಅಕೌಂಟಲ್ಲಿ ದುಡ್ಡು ಇಡ್ಬೇಕಿತ್ತು."

"ಐತೆ ಕಣೋ! ಆ ಲಕ್ಕಣ್ಣನೇ ನನ್ ಸಹಿ ಹೊಡ್ದಾಕವ್ನೆ. ನೋಡಿಲ್ಲಿ!"

ಎಡಗೈಯಿಂದ ಫೋನ್ ಚಾಚಿದ. ಅವನ ಬ್ಯಾಂಕಿನವರು ತೋರಿಸಿದ್ದ ಚೆಕ್ಕಿನ ಚಿತ್ರ. ಈಗ ಚೆಕ್ಕಿನ ಕಾಗದ ಊರೂರು ಸುತ್ತುವುದಿಲ್ಲ. ಲಕ್ಕಣ್ಣ ಚೆಕ್ ಹಾಕಿದ್ದ ಕಡೂರಿನ ಬ್ಯಾಂಕಿನಿಂದ ಬರುವುದು ಅದರ ಕಪ್ಪು-ಬಿಳುಪು ಫೋಟೋ ಮಾತ್ರ. ಆ ಫೋಟೋದಲ್ಲಿ ಹೊನ್ನೇಶನ ಸಹಿಯನ್ನು ಸೀಳಿಕೊಂಡು, ಈ ಅಂಚಿನಿಂದ ಆ ಅಂಚಿಗೆ, ಒಂದು ಕಪ್ಪು ಗೆರೆ!

ನಿಧಾನವಾಗಿ ಜೇಬಿಗೆ ಕೈ ಹಾಕಿದೆ. ಲಕ್ಕಣ್ಣ ಕೊಟ್ಟಿದ್ದ ಅಸಲಿ ಚೆಕ್ ತೆಗೆದೆ.

ಗೆರೆ ಇಲ್ಲ. ಸಹಿ ಮೀಸೆ ತಿರುವಿಕೊಂಡು ನಿಂತಿತ್ತು.

ಮಚ್ಚು ಕೆಳಗಿಳಿಯಿತು.

"ಬೈಕ್ ಹತ್ತು," ಅಂದೆ. "ಮಚ್ಚು ಇಲ್ಲೇ ಇರ್ಲಿ."

"ಬ್ಯಾಂಕಿಗೆ ತಾನೇ? ಬೇಕಾಗ್ತದೆ."

ಬೀರೂರಿನಲ್ಲಿ ಬಸ್ಸಿಗೂ ತೆಂಗಿನಕಾಯಿ ಲಾರಿಗೂ ನಡುವೆ ನುಗ್ಗಿದೆ. ಹಿಂದೆ ಕೂತವನು ಮಚ್ಚನ್ನು ಪೇಪರಿನಲ್ಲಿ ಸುತ್ತಿ ನನ್ನ ಬೆನ್ನಿಗೆ ಒರಗಿಸಿದ್ದ. ಬ್ರೇಕ್ ಒತ್ತುವ ಧೈರ್ಯ ಬರಲಿಲ್ಲ!

ಕಡೂರಿನ ಬ್ಯಾಂಕಿನಲ್ಲಿ, ನಾನು ಫೋನ್ ಮಾಡಿ ಕರೆಸಿದ್ದ ಲಕ್ಕಣ್ಣ ಕುರಿ ಕಾಯುವ ದೊಣ್ಣೆ ಹಿಡಿದು ಕೂತಿದ್ದ.

"ಬಂದ್ಯಾ, ಕಳ್ಳ!"

"ನೀನು ಕಳ್ಳ! ನಿಮ್ಮಪ್ಪ ಕಳ್ಳ!"

ನಡುವೆ ಹೋದೆ. ಮೊದಲ ಏಟು ನನಗೇ ಬಿತ್ತು.

ಹೆಗಲು ಉಜ್ಜಿಕೊಳ್ಳುತ್ತ ಕೌಂಟರಿಗೆ ನಡೆದೆ. ಗುಮಾಸ್ತ ಓಂಕಾರೇಶ್ ಹಣೆ ತುಂಬ ವಿಭೂತಿ ಬಳಿದುಕೊಂಡಿದ್ದ.

"ಚೆಕ್ ಸ್ಕ್ಯಾನ್ ಮಾಡೋ ಮಿಷಿನ್ ತೋರ್ಸಿ."

"ಅದು ಚೆನ್ನಾಗೇ ಇದೆ, ಸಾರ್. ಆಯುಧಪೂಜೆಗೆ ನಾನೇ ಒರೆಸಿ ಪೂಜೆ ಮಾಡಿದೀನಿ."

"ಕುಂಕುಮ ಎಲ್ಲಿಟ್ರಿ?"

"ಅದರ ಕಣ್ಣಿಗೇ, ಸಾರ್... ನೋಡೋದು ಅದೇ ಅಲ್ವಾ?"

ಮುಚ್ಚಳ ಎತ್ತಿದೆ. ಒಳಗಿನ ಗಾಜಿನ ಮೇಲೆ ಪುಟ್ಟ ಕುಂಕುಮದ ಬೊಟ್ಟು! ಚೆಕ್ ಅದರ ಮುಂದೆ ಜಾರಿ ಹೋಗುವಾಗ ಆ ಬೊಟ್ಟೇ ಉದ್ದ ಗೆರೆಯಾಗಿ ಫೋಟೋದಲ್ಲಿ ಬೀಳುತ್ತಿತ್ತು.

ಒರೆಸಿದೆ. ಅದೇ ಚೆಕ್ ತೂರಿಸಿದೆ. ಪರದೆಯ ಮೇಲೆ ಸಹಿ ಕಲೆಯಿಲ್ಲದೆ ಹೊಳೆಯಿತು.

ಲಕ್ಕಣ್ಣ ಬಗ್ಗಿ ನೋಡಿದ. ದೊಣ್ಣೆಯನ್ನು ಕಂಕುಳಿಗೆ ಸಿಕ್ಕಿಸಿದ.

"ಸಂಜಿಗೆ ಕುರಿ ಅಜ್ಜಂಪುರದಾಗೆ ಇರ್ತವೆ, ಹೊನ್ನೇಶ. ಊಟಕ್ಕೆ ನನ್ನೂ ಕರಿ."

ಇಬ್ಬರೂ ಟೀ ಕುಡಿಯಲು ಹೋದರು. ಓಂಕಾರೇಶ್ ನನ್ನ ಕೈ ಹಿಡಿದುಕೊಂಡ.

"ಯಾರಿಗೂ ಹೇಳ್ಬೇಡಿ, ಸಾರ್... ಹಬ್ಬದಿಂದ ಈಚೆಗೆ ಎಲ್ಲಾರ ಚೆಕ್ಕೂ ಹಿಂಗೇ ಹೋಗಿವೆ!"

ಅಷ್ಟರಲ್ಲಿ ನನ್ನ ಫೋನ್ ಬಡಿದುಕೊಂಡಿತು. ಸಖರಾಯಪಟ್ಟಣದ ಕೊಬ್ಬರಿ ವ್ಯಾಪಾರಿ ದೇವೀರಪ್ಪ.

"ರಘಣ್ಣ, ಕಡೂರು ಬ್ಯಾಂಕಿಗೆ ಹಾಕಿದ್ ಚೆಕ್ ವಾಪಸ್ ಬಂದೈತೆ. ಕೊಟ್ಟೋನ್ನ ಸ್ವಲ್ಪ ವಿಚಾರಿಸ್ಕೋಬೇಕಿತ್ತು..."

ಒರೆಸಿದ ಗಾಜು ನೋಡಿದೆ. ಬೆವರುತ್ತಿದ್ದ ಓಂಕಾರೇಶನನ್ನು ನೋಡಿದೆ.

"ಬಲು ಕಷ್ಟದ ಕೇಸು, ದೇವೀರಪ್ಪ," ಅಂದೆ. "ಅಡ್ವಾನ್ಸ್ ಕ್ಯಾಶಲ್ಲಿ ಕೊಡ್ಬೇಕಾಗ್ತದೆ!"