ಅರ್ಧಕ್ಕೆ ನಿಂತ ಪಾಠ

ಸೀಮೆಸುಣ್ಣ ಹಿಡಿದ ಸುಕನ್ಯಾಳ ಕೈ ನಡುಗುತ್ತಿತ್ತು.

ಧಾರವಾಡದ ಒಂದು ಪ್ರೌಢಶಾಲೆ. ೧೯೯೭ರ ಆಗಸ್ಟ್. ಬಿ.ಎಡ್. ಓದುತ್ತಿದ್ದ ಅವಳಿಗೆ ಅದು ಮೊದಲ ಅಭ್ಯಾಸ ಪಾಠ. ಎದುರಿಗೆ ಎಂಟನೇ ತರಗತಿಯ ನಲವತ್ತೆಂಟು ಮಕ್ಕಳು. ಹಿಂದಿನ ಬೆಂಚಿನಲ್ಲಿ ಅಂಕ ಹಾಕಲು ಕುಳಿತ ಕುಮಾರಸ್ವಾಮಿ ಸರ್. ಅವರ ಪಕ್ಕ, ಪಾಠ ನೋಡಿ ಟಿಪ್ಪಣಿ ಬರೆಯಲು ಬಂದ ಸಹಪಾಠಿ ಫಕೀರೇಶ. ಅವನೊಂದಿಗೆ ಅವಳು ಇದುವರೆಗೆ ಒಂದು ಮಾತೂ ಆಡಿರಲಿಲ್ಲ.

ತ್ರಿಭುಜದ ಎರಡು ಕೋನ ಐವತ್ತು, ಅರವತ್ತು. ಮೂರನೆಯದು? ಎಂಬತ್ತು ಎಂದು ಬರೆದಳು. ಕೂಡಿಸಿದಳು. ನೂರಾ ಎಂಬತ್ತಾಗಬೇಕಾದದ್ದು ನೂರಾ ತೊಂಬತ್ತು!

ಎಲ್ಲಿ ತಪ್ಪಿತು...?

ಬಿ.ಎಸ್ಸಿ.ಯಲ್ಲಿ ಗಣಿತದಲ್ಲಿ ಕಾಲೇಜಿಗೇ ಮೊದಲು ಬಂದವಳು ಅವಳು. ಈಗ ತಾನೇ ಬರೆದ ಅಂಕಿಗಳು ಅವಳಿಗೇ ಅರ್ಥವಾಗಲಿಲ್ಲ. ಮಕ್ಕಳು ಗುಸುಗುಟ್ಟತೊಡಗಿದರು.

ಆಗ ಫಕೀರೇಶ ಎದ್ದು ನಿಂತ.

"ಟೀಚರ್, ನಾವು ತಪ್ಪು ಹಿಡೀತೀವೋ ಇಲ್ಲೋ ಅಂತ ನೋಡಾಕ ಬೇಕಂತನ ಹಂಗ ಬರದೀರೇನ್ರಿ?"

ತರಗತಿಯೆಲ್ಲ ಘೊಳ್ಳೆಂದು ನಕ್ಕಿತು.

ಸುಕನ್ಯಾಳ ಕಣ್ಣುಗಳು ತುಂಬಿದವು. ಸೀಮೆಸುಣ್ಣ ಮೇಜಿನ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಹೊರಗೆ ನಡೆದುಬಿಟ್ಟಳು.

ಅಂದು ಸಪ್ತಾಪುರದ ಬಾಡಿಗೆ ಕೋಣೆಗೆ ಬಂದವಳು ಊಟ ಮಾಡಲಿಲ್ಲ. ಊರು ಮುಗದದಲ್ಲಿ ಒಕ್ಕಲುತನ ಮಾಡಿಕೊಂಡಿದ್ದ ಅಪ್ಪ ಗುಡ್ಡಪ್ಪ, ಅವಳು ಹೊರಡುವಾಗ ಹೇಳಿದ ಮಾತು ಕಿವಿಯಲ್ಲೇ ಇತ್ತು. 'ಒಂದ ವರ್ಷ, ಮಗಳ. ಅದರಾಗ ಪಾಸ್ ಆದ್ರ ಮಾಸ್ತರಕಿ ಮಾಡು. ಆಗಲಿಲ್ಲಂದ್ರ ಬಂದ ಸಂಬಂಧಕ್ಕ ಹೂಂ ಅನ್ನು.'

ಅರ್ಧಕ್ಕೆ ಬಿಟ್ಟ ಪಾಠಕ್ಕೆ ಸೊನ್ನೆ. ಅದು ಎಲ್ಲರಿಗೂ ಗೊತ್ತಿತ್ತು.

ಆದರೆ ಮರುದಿನ ಕುಮಾರಸ್ವಾಮಿ ಸರ್ ಕರೆದು, "ಹದಿನೈದು ದಿನ ಬಿಟ್ಟು ಅದ ಪಾಠ ಮತ್ತ ಮಾಡವಾ. ಆಗೂ ನಿಂತೆಂದ್ರ ಗಣಿತ ಬಿಡೂದ ಛಲೋ," ಎಂದರು.

ಸಮಾಧಾನವಾಗುವ ಬದಲು ಅವಳ ಹೆದರಿಕೆ ಇಮ್ಮಡಿಯಾಯಿತು. ಹದಿನೈದು ದಿನದಲ್ಲಿ ನನ್ನ ಕೈ ಬದಲಾದೀತೇ? ಮತ್ತೆ ಅವನೇ ಬಂದು ಕೂತರೆ...? ಕಾಲೇಜಿನಲ್ಲಿ ಫಕೀರೇಶ ಎದುರಾದರೆ ದಾರಿ ಬದಲಿಸಿದಳು. ಅವನು ಎರಡು ಸಲ "ಸುಕನ್ಯಾ ಅವರ..." ಎಂದು ಕರೆದಾಗಲೂ ತಿರುಗಿ ನೋಡಲಿಲ್ಲ.

ನಾಲ್ಕನೆಯ ದಿನ ಅವಳ ಕೋಣೆಯ ಗೆಳತಿ, ಜೊತೆಗೇ ಬಿ.ಎಡ್. ಓದುತ್ತಿದ್ದ ಹುಬ್ಬಳ್ಳಿ ಕಮರಿಪೇಟೆಯ ಶಹಜಹಾನಬೇಗಂ ಮಂಚದ ತುದಿಯಲ್ಲಿ ಕೂತು ಕೇಳಿದಳು.

"ಸರ್ ನಿನಗ ಇನ್ನೊಂದ ಸಲ ಯಾಕ ಕೊಟ್ರು, ಗೊತ್ತೈತೇನು?"

"ಪಾಪ ಅಂತ ಕೊಟ್ಟಿರಬೇಕು."

"ಅಲ್ಲ. ಫಕೀರೇಶ ಹೋಗಿ, 'ತಪ್ಪು ನಂದು, ನೋಡಾಕ ಬಂದಾಂವ ನಡುವ ಮಾತಾಡಿ ಪಾಠ ಕೆಡಿಸಿದೆ' ಅಂತ ಬರದು ಕೊಟ್ಟಾನ. ಅವನ ಹತ್ತು ಅಂಕ ಹೋದವು. ಆ ಪತ್ರಾ ಇವತ್ತ ಆಫೀಸಿನ್ಯಾಗ ನಾನ ನೋಡಿದೆ."

ಸುಕನ್ಯಾ ಮಂಚದ ಮೇಲೆ ಎದ್ದು ಕೂತಳು.

ಮರುದಿನ ಗ್ರಂಥಾಲಯದ ಮೆಟ್ಟಿಲ ಮೇಲೆ ಅವನನ್ನು ತಡೆದು ನಿಲ್ಲಿಸಿದಳು.

"ನಗಿಸಿದವರೂ ನೀವ, ಅಂಕ ಕಳಕೊಂಡವರೂ ನೀವ. ಯಾಕ್ರಿ?"

ಫಕೀರೇಶ ತಲೆ ತಗ್ಗಿಸಿದ. "ನಗಸಬೇಕಂತ ಅಲ್ರಿ. ನೀವು 'ಹೌದು, ಬೇಕಂತನ ಬರದೇನಿ' ಅಂದಿದ್ರ ಅಲ್ಲಿಗೆ ಮುಗೀತಿತ್ತು. ದಾರಿ ಮಾಡಿ ಕೊಡಾಕ ಹೋದೆ... ಅದು ಚ್ಯಾಷ್ಟಿ ಆಗಿ ಕೇಳಿಸ್ತು."

"ನನ್ನ ಸಲುವಾಗಿ ನಿಮಗ್ಯಾಕ ಅಷ್ಟು?"

ಅವನು ಅಲ್ಲೇ ಮೆಟ್ಟಿಲ ಮೇಲೆ ಕುಳಿತ.

"ಹೋದ ವರ್ಷ ನಾನೂ ಹಿಂಗ ಬೋರ್ಡಿನ ಮುಂದ ನಿಂತಬಿಟ್ಟಿದ್ದೆ. ಹೊರಗ ಹೋದಾಂವ ಮತ್ತ ಒಳಗ ಬರಲೇ ಇಲ್ಲ. ವರ್ಷ ಹಾಳಾತು. ಅದಕ್ಕ ಈ ವರ್ಷ ಮತ್ತ ಮೊದಲಿಂದ ನಿಮ್ಮ ಜೋಡಿ ಓದಾಕತ್ತೇನಿ."

ಅವಳ ಸಿಟ್ಟೆಲ್ಲ ಎಲ್ಲಿ ಹೋಯಿತೋ! ಇವನಿಗೂ ನನ್ನ ಹಾಗೆಯೇ...

ಅಂದಿನಿಂದ ಸಂಜೆ ಕಾಲೇಜಿನ ಖಾಲಿ ಕೋಣೆಯಲ್ಲಿ ಅಭ್ಯಾಸ. ಅವನು ಮಂದ ಹುಡುಗನಾಗಿ, ಶಹಜಹಾನಬೇಗಂ ತುಂಟ ಹುಡುಗಿಯಾಗಿ ಬೆಂಚಿನಲ್ಲಿ ಕೂರುವರು. ಸುಕನ್ಯಾ ಹತ್ತು ಸಲ ತಪ್ಪಿದಳು, ಎರಡು ಸಲ ಅತ್ತಳು. ಒಮ್ಮೆ ಅವನೂ ಹಲಗೆಯ ಮುಂದೆ ನಿಂತು ಬೆವೆತ. ಆಗ ಅವಳೇ ಬೆಂಚಿನಿಂದ, "ಅವಸರ ಇಲ್ರಿ, ಬರೀರಿ," ಎಂದಳು.

ಹದಿನೈದನೆಯ ದಿನ ಬಂತು. ಫಕೀರೇಶನಿಗೆ ಅದೇ ಹೊತ್ತಿಗೆ ಬೇರೆ ಶಾಲೆಯಲ್ಲಿ ಪಾಠ. ಇಂದು ಯಾರೂ ಇಲ್ಲ... ನಾನೊಬ್ಬಳೇ!

ಹಲಗೆಯ ಮುಂದೆ ನಿಂತಳು. ಎಳೆದ ಮೊದಲ ಗೆರೆಯೇ ಸೊಟ್ಟಗಾಯಿತು. ಕುಮಾರಸ್ವಾಮಿ ಸರ್ ಪೆನ್ನಿನ ಮುಚ್ಚಳ ತೆಗೆದರು.

ಅವಳು ಸೀಮೆಸುಣ್ಣ ಕೆಳಗಿಟ್ಟು ಮಕ್ಕಳ ಕಡೆ ತಿರುಗಿದಳು.

"ನನಗ ಸ್ವಲ್ಪ ಹೆದರಿಕಿ ಆಗೈತಿ. ನೀವು ನಿಮ್ಮ ವಹಿಯೊಳಗ ಒಂದೊಂದು ತ್ರಿಭುಜ ತಗೀರಿ. ಅಷ್ಟರಾಗ ನಾ ತಯಾರ ಆಗ್ತೇನಿ."

ಯಾರೂ ನಗಲಿಲ್ಲ. ಮುಂದಿನ ಬೆಂಚಿನ ಒಬ್ಬ ಹುಡುಗಿ ಮೆಲ್ಲಗೆ ಹೇಳಿದಳು. "ಗಣಿತ ಅಂದ್ರ ನಮಗೂ ಹೆದರಿಕಿರಿ, ಟೀಚರ್."

"ಹಂಗಾದ್ರ ಕೂಡಿನ ಮಾಡೂಣು," ಎಂದಳು ಸುಕನ್ಯಾ.

ಗಂಟೆ ಬಾರಿಸಿದಾಗ ಹಲಗೆ ತುಂಬಿತ್ತು. ಸರ್ ಹೋಗುವಾಗ, "ಇನ್ನ ಗಣಿತ ಬಿಡಬ್ಯಾಡ," ಎಂದಷ್ಟೇ ಹೇಳಿದರು. ಆ ಸುದ್ದಿ ಮೊದಲು ಯಾರಿಗೆ ಹೇಳಬೇಕು ಎಂದು ಯೋಚಿಸುವ ಮೊದಲೇ ಅವಳ ಕಾಲುಗಳು ಫಕೀರೇಶನ ಶಾಲೆಯ ದಾರಿ ಹಿಡಿದಿದ್ದವು.

ಮುಂದಿನ ಜೂನ್‌ನಲ್ಲಿ ಫಲಿತಾಂಶ ಬಂತು. ಇಬ್ಬರೂ ಪಾಸ್. ಅವನಿಗೆ ಅವನೂರು ಕುಂದಗೋಳದ ಹೈಸ್ಕೂಲಿನಲ್ಲಿ ಕೆಲಸವೂ ಸಿಕ್ಕಿತು. ಅಂಕಪಟ್ಟಿ ತೆಗೆದುಕೊಂಡು ಇಬ್ಬರೂ ಬಸ್ ನಿಲ್ದಾಣಕ್ಕೆ ನಡೆದರು. ಅವಳ ಎದೆಯಲ್ಲಿ ಬೇರೆಯೇ ಕಳವಳ. ಇವತ್ತು ಹೋದರೆ ಮತ್ತೆ ಎಂದು? ಇವನು ಏನೂ ಹೇಳದೆ ಹೋದರೆ...?

"ನಿಮಗೊಂದು ಮಾತು ಹೇಳಬೇಕಾಗಿತ್ತು," ಎಂದ ಫಕೀರೇಶ.

"ಹೇಳ್ರಿ."

ಅವನು ಅಂಕಪಟ್ಟಿ ಮಡಿಸಿದ, ಬಿಡಿಸಿದ, ಮತ್ತೆ ಮಡಿಸಿದ. ಅಷ್ಟರಲ್ಲಿ ಮುಗದದ ಬಸ್ಸು ಬಂತು. ಸುಕನ್ಯಾ ಹತ್ತಿದಳು. ಕಂಡಕ್ಟರ್ ಸೀಟಿ ಊದಿದ. ಮುಂದಿನ ಕ್ಷಣ ಅವಳು ಕೆಳಗಿಳಿದುಬಿಟ್ಟಿದ್ದಳು. ಬಸ್ಸು ಧೂಳೆಬ್ಬಿಸಿ ಹೋಯಿತು.

"ಅಯ್ಯ, ಯಾಕ್ರಿ?"

"ಮುಂದಿನ ಬಸ್ಸು ಒಂದು ತಾಸಿಗೈತಿ. ಅವಸರ ಇಲ್ಲದ ಹೇಳ್ರಿ."

ಅವನು ಅವಳ ಮುಖ ನೋಡಿ ಹೇಳಿದ. "ನೀವು ಎದುರಿಗೆ ಇದ್ರ ನನಗ ಧೈರ್ಯ ಬರ್ತೈತಿ, ಸುಕನ್ಯಾ. ಜೀವನಪೂರ್ತಿ ಹಂಗ ಇರ್ತೀರೇನು?"

ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಅದನ್ನ ನಮ್ಮ ಅಪ್ಪನ ಮುಂದ ಕೇಳಬೇಕು. ರವಿವಾರ ಮುಗದಕ್ಕ ಬರ್ರಿ. ನಿಮ್ಮ ಅವ್ವಾರನ್ನೂ ಕರಕೊಂಡ ಬರ್ರಿ."

"ಅಂದ್ರ... ನಿಮ್ಮ ಒಪ್ಪಿಗಿ ಐತಿ ಅಂತ ತಿಳ್ಕೊಳ್ಳೇನ್ರಿ?"

"ಮತ್ತ ಬಸ್ಸು ಯಾಕ ಬಿಟ್ಟೆ ಅಂತ ತಿಳದೀರಿ?"