ಮುದ್ರೆ ಇಲ್ಲದವರ ಲೆಕ್ಕ

"ಕೈ ತೋರಿಸಿ!"

ಗೇಟಿನಲ್ಲಿ ತಡೆದ ಅವಳಿಗೆ ಅವನು ಕೈ ತೋರಿಸಲಿಲ್ಲ. ಏದುಸಿರು ಬಿಡುತ್ತಾ ಅವಳ ಮುಖವನ್ನೇ ನೋಡಿದ. ಮುಷ್ಟಿಯಲ್ಲೊಂದು ಪುಟ್ಟ ಔಷಧಿ ಬಾಟಲಿ.

"ಒಳಗೆ ಒಬ್ರು ಅಜ್ಜಿಗೆ ಉಸಿರು ಕಟ್ತಿದೆ ಮೇಡಂ. ಔಷಧಿ ಕಾರಲ್ಲೇ ಬಿಟ್ಟಿದ್ರಂತೆ. ಡ್ರೈವರ್ ಕೊಟ್ಟು ಓಡಿಸಿದ್ರು. ನಾನು ಪಾರ್ಕಿಂಗಿನವನು, ಇವತ್ತೇ ಸೇರಿದ್ದು..."

"ಮುದ್ರೆ ಇಲ್ಲದೆ ಯಾರನ್ನೂ ಬಿಡೋ ಹಾಗಿಲ್ಲ!"

"ಹಾಗಾದ್ರೆ ನೀವೇ ಓಡಿ!"

ಬಾಟಲಿ ಅವಳ ಅಂಗೈಯಲ್ಲಿತ್ತು. ಯೋಚಿಸುವ ಮೊದಲೇ ಅವಳು ಓಡಿದ್ದಳು.

ಅಜ್ಜಿ ಚೇತರಿಸಿಕೊಂಡ ಮೇಲೆ ಅವಳು ಗೇಟಿಗೆ ಮರಳಿದರೆ, ಅವಳ ನೀಲಿ ದೀಪ ಹಿಡಿದು ಅವನು ಬಂದವರನ್ನು ಅವಳದೇ ದನಿಯಲ್ಲಿ ಗದರಿಸುತ್ತಿದ್ದ: "ಕೈ ತೋರಿಸಿ!"

ನಗು ಬಂತು. ನುಂಗಿಕೊಂಡಳು.

ಆ ಮನರಂಜನಾ ಪಾರ್ಕಿನ ನಿಯಮ ಸರಳ. ಊಟಕ್ಕೋ ಬಟ್ಟೆಗೋ ಕಾರಿನ ಬಳಿ ಹೋಗುವವರ ಮಣಿಕಟ್ಟಿಗೆ ಅವಳು ಮುದ್ರೆ ಒತ್ತಬೇಕು. ಮರಳಿ ಬಂದಾಗ ನೀಲಿ ದೀಪದಡಿ ಅದು ಹೊಳೆದರೆ ಮಾತ್ರ ಪ್ರವೇಶ. ಆದರೆ ನೀರಾಟವಾಡಿದ ಮಕ್ಕಳು ಒದ್ದೆ ಟವೆಲಿನಿಂದ ಕೈ ಒರೆಸಿಕೊಂಡರೆ ಮುದ್ರೆ ಎಲ್ಲಿ ಉಳಿಯಬೇಕು?

ಮೊದಲೆಲ್ಲ ಅಂಥವರನ್ನು ವಾಪಸ್ ಕಳಿಸುತ್ತಿದ್ದಳು. ಆ ಅಜ್ಜಿಯ ನಂತರ ಅವಳಿಂದ ಆಗಲಿಲ್ಲ. ಅಳುವ ಮಗುವನ್ನು ಕಂಡರೆ ದೀಪ ಆರಿಸಿ, "ಬೇಗ ಹೋಗಿ" ಎನ್ನುತ್ತಿದ್ದಳು.

ಎದುರಿನ ಪಾರ್ಕಿಂಗಿನಲ್ಲಿ ಅವನ ಕೊಡೆ ದಿನಕ್ಕಿಷ್ಟು ಹತ್ತಿರ ಬರುತ್ತಿತ್ತು.

"ಮುದ್ರೆ ಮೇಡಂ, ಊಟ ಆಯ್ತಾ?"

ಆ ಒಂದು ಪ್ರಶ್ನೆಗಾಗಿ ಅವಳು ಮಧ್ಯಾಹ್ನವನ್ನು ಕಾಯತೊಡಗಿದ್ದಳು. ಆದರೆ ಒಂದು ವಿಷಯ ಮಾತ್ರ ಅರ್ಥವಾಗುತ್ತಿರಲಿಲ್ಲ. ಅವಳು ಮುದ್ರೆ ಇಲ್ಲದವರನ್ನು ಬಿಟ್ಟಾಗಲೆಲ್ಲ ಅವನು ಗಡಿಯಾರ ನೋಡಿ, ಜೇಬಿನ ಪುಸ್ತಕದಲ್ಲಿ ಏನನ್ನೋ ಗೀಚುತ್ತಿದ್ದ.

ಏನದು...?

ಒಂದು ಸಂಜೆ ಮ್ಯಾನೇಜರ್ ಕರೆದರು. "ಈ ತಿಂಗಳು ಹದಿನೇಳು ಜನರನ್ನ ಮುದ್ರೆ ಇಲ್ಲದೆ ಬಿಟ್ಟಿದ್ದೀರಿ. ಒಬ್ಬರ ಬದಲು ಇನ್ನೊಬ್ಬರು ನುಗ್ಗಿದ್ರೆ? ನಾಳೆ ಹತ್ತಕ್ಕೆ ಬನ್ನಿ. ಕೆಲಸ ಉಳಿಯುತ್ತೋ ಇಲ್ವೋ ಆಗ ಹೇಳ್ತೀನಿ."

ಹದಿನೇಳು! ಇಷ್ಟು ಕರಾರುವಾಕ್ಕಾಗಿ ಯಾರು ಎಣಿಸಿದ್ದು?

ಅವಳು ನೇರ ಆ ಕೊಡೆಯ ಕೆಳಗೆ ಹೋಗಿ ನಿಂತಳು. "ಯಾವಾಗಿನಿಂದ ಬರೀತಿದ್ದೀರಿ?"

"ಮೊದಲ ವಾರದಿಂದ."

"ನಾನು ಬಿಟ್ಟವರನ್ನೆಲ್ಲ?"

"ಹೂಂ. ಒಬ್ರನ್ನೂ ಬಿಟ್ಟಿಲ್ಲ," ಎಂದ, ಏನೋ ಹೆಮ್ಮೆಯಿಂದ. "ನಿಮಗೋಸ್ಕರಾನೇ..."

"ಸಾಕು! ನಾಳೆ ಹತ್ತಕ್ಕೆ ಮ್ಯಾನೇಜರ್ ಕರೆದಿದ್ದಾರೆ, ನನ್ನ ಕೆಲಸಕ್ಕೇ ಕುತ್ತು. ಇನ್ಮೇಲೆ ನನ್ನ ಊಟದ ಚಿಂತೆ ಬೇಡ ನಿಮಗೆ."

ಮನೆಯಲ್ಲಿ ಪಾತ್ರೆಗಳು ಸದ್ದು ಮಾಡಿದವು. ಅಮ್ಮ ಇಣುಕಿದಳು. "ಯಾರ ಮೇಲಿನ ಸಿಟ್ಟೇ ಅದು? ಆ ಬಾಣಲೆ ನಿಂಗೇನು ಮಾಡ್ತು?"

"ಗೊತ್ತಿಲ್ಲಮ್ಮ." ನಿಜಕ್ಕೂ ಗೊತ್ತಿರಲಿಲ್ಲ. ಚಾಡಿ ಹೇಳುವವನು ಅಷ್ಟು ಹೆಮ್ಮೆಯಿಂದ ಒಪ್ಪಿಕೊಳ್ಳುತ್ತಾನೆಯೇ? ಒಪ್ಪಿಕೊಂಡವನ ಮುಖ ಆಮೇಲೆ ಅಷ್ಟು ಬಾಡುವುದೇಕೆ?

ಮರುದಿನ ಹತ್ತಕ್ಕೆ ಹೋದರೆ ಅವನಾಗಲೇ ಅಲ್ಲಿದ್ದ! ಪುಸ್ತಕ ಮ್ಯಾನೇಜರ್ ಮೇಜಿನ ಮೇಲಿತ್ತು.

ಮ್ಯಾನೇಜರ್ ಓದಿದರು. "ಬಿಳಿ ಕಾರು. ಅಪ್ಪ, ಇಬ್ಬರು ಮಕ್ಕಳು. ಒಂದೂ ಹತ್ತಕ್ಕೆ ಬಂದು ಬಟ್ಟೆ ಬದಲಿಸಿದರು. ಒಂದೂ ಕಾಲಿಗೆ ಅವರೇ ವಾಪಸ್."

ಪುಟ ತಿರುಗಿತು. ಹಸಿರು ಕಾರು, ಅವರೇ ವಾಪಸ್. ವ್ಯಾನು, ಅವರೇ ವಾಪಸ್.

"ನಮ್ಮ ಕ್ಯಾಮೆರಾಗೆ ಕಾಣೋದು ನಿಮ್ಮ ಗೇಟಷ್ಟೇ. ಅದರಲ್ಲಿ ಎಣಿಸಿ ನಿಮ್ಮನ್ನ ಕರೆದೆ. ಕಾರಿನ ಹತ್ರ ನಡೆದದ್ದು ಈ ಮನುಷ್ಯನಿಗೆ ಕಂಡಿದೆ. ಹದಿನೇಳರಲ್ಲಿ ಒಬ್ಬರೂ ಬದಲಿ ಜನ ಅಲ್ಲ. ಈ ಬಿಳಿ ಕಾರಿನವರಂತೂ ಆಮೇಲೆ ಎರಡು ಸಲ ಬಂದಿದ್ದಾರೆ. ಅವತ್ತು ವಾಪಸ್ ಕಳಿಸಿದ್ರೆ ಬರ್ತಿದ್ರಾ?" ಅವರು ಕನ್ನಡಕ ಸರಿಮಾಡಿಕೊಂಡರು. "ಇವತ್ತಿಂದ ಮುದ್ರೆ ಅಳಿಸಿದ್ರೆ ಪಾರ್ಕಿಂಗ್ ಚೀಟಿ ಮೇಲೆ ಇವರ ಸಹಿ ಸಾಕು. ಅದಿರಲಿ... 'ಮುದ್ರೆ ಮೇಡಂ ಇವತ್ತೂ ಊಟ ಮಾಡಿಲ್ಲ'... ಇದು ಯಾವ ಕಾರಿಂದ್ರೀ?"

ಅವನು ಛಾವಣಿ ನೋಡಿದ. ಅವಳು ನೆಲ ನೋಡಿದಳು.

ಗೇಟಿಗೆ ಬಂದ ಮೇಲೆ ಅವಳು ಅವನತ್ತ ತಿರುಗಿದಳು.

"ಯಾಕೆ ಹೇಳಲಿಲ್ಲ?"

"ಹೇಳೋಕೆ ಬಿಟ್ರಾ? ನಿಯಮದ ಮುಂದೆ ನಿಮ್ಮ ಮಾತೊಂದೇ ಸಾಲಲ್ಲ ಅನ್ನಿಸ್ತು. ಸಾಕ್ಷಿ ಇರ್ಲಿ ಅಂತ ಬರೆದೆ."

"ಆ ಊಟದ್ದು?"

"ಅದು..." ಅವನ ಕಿವಿ ಕೆಂಪಾಯಿತು. "ಅದಕ್ಕೆ ಸಾಕ್ಷಿ ಬೇಕಿರ್ಲಿಲ್ಲ. ನಿಮ್ಮನ್ನ ನೋಡದೆ ಇರೋಕಾಗ್ತಿರ್ಲಿಲ್ಲ, ಅಷ್ಟೇ."

ಅವಳ ಕಣ್ಣು ತುಂಬಿತು. ಮುದ್ರೆ ಕೈಗೆತ್ತಿಕೊಂಡಳು.

"ಕೈ ತೋರಿಸಿ."

ಈ ಸಲ ಅವನು ತೋರಿಸಿದ. ಅವಳು ಮೆಲ್ಲಗೆ ಒತ್ತಿದಳು. ಕೈ ಬಿಡಲಿಲ್ಲ.

"ಇದು ಅಳಿಸಿ ಹೋದ್ರೆ, ಮೇಡಂ?"

"ಹೋಗ್ಲಿ ಬಿಡಿ... ನಿಮ್ಮ ಮುಖದ ಗುರುತಿದೆ ನಂಗೆ."